ಸೇತುವೆಯಾಚೆಯ ಡಬ್ಬಿ

ಫೆಬ್ರವರಿ ೯

ತಮ್ಮಾ,

ಅಕ್ಷರ ಸೊಟ್ಟಗಿದೆ ಎಂದು ನಗಬೇಡ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಗಂಟಲಿನ ಆಪರೇಷನ್ ಆದ ಮೇಲೆ ನನ್ನ ದನಿ ಹೋಯಿತೆಂದು ನರ್ಸ್ ಫೋನಿನಲ್ಲಿ ಹೇಳಿದಾಗ ನೀನು ಅತ್ತುಬಿಟ್ಟೆಯಂತೆ. ಅಳುವಂಥದ್ದೇನಿಲ್ಲ. ಈ ವಾರ್ಡಿನಲ್ಲಿ ಮಾತಾಡಿಸಬೇಕು ಅನ್ನಿಸುವ ಮುಖ ಒಂದೂ ಇಲ್ಲ. ಫೋನಿನಲ್ಲಿ ಒತ್ತಿ ಕಳಿಸೋಣವೆಂದರೆ ಒಂದಕ್ಷರ ಒತ್ತಿದರೆ ಮೂರು ಬರುತ್ತವೆ. ಹಾಗಾಗಿ ಕಾಗದ. ನೀನೂ ಕಾಗದವನ್ನೇ ಬರೆ, ಹೊತ್ತು ಹೋಗದಿದ್ದಾಗ ಮತ್ತೆ ಓದಬಹುದು.

ಮಳೆಗಾಲಕ್ಕೆ ಮನೆಗೆ ಹೋಗಬಹುದೇ ಎಂದು ಡಾಕ್ಟರಿಗೆ ಚೀಟಿ ಬರೆದು ಕೇಳಿದೆ. "ಮಳೆಗಾಲದ ಮಾತು ಈಗ ಯಾಕಮ್ಮ?" ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಪ್ರತಿ ವರ್ಷ ನೀರು ಇಳಿದಾಗ ನಿನ್ನ ಮನೆಗೆ ಬಂದು, ಮೊಣಕಾಲಿಗೆ ನಡಿಗೆ ಒಳ್ಳೆಯದು ಎಂದು ಹೇಳಿ ಇಡೀ ದಿನ ಕಾಣೆಯಾಗುತ್ತಿದ್ದೆನಲ್ಲ, ನಾನು ಹೋಗುತ್ತಿದ್ದದ್ದು ನಿಮ್ಮೂರಿನ ಪಕ್ಕದ ಕಮರಿಗೆ. ನದಿ ಎರಡು ಬಂಡೆಗೋಡೆಗಳ ನಡುವೆ ನುಗ್ಗುವ ಆ ಕಡೆ ನನ್ನದೊಂದು ಡಬ್ಬಿ ಇದೆ. ಜಿಯೋಕ್ಯಾಶಿಂಗ್ ಅಂತ ಒಂದು ಆಟ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಗುರುತು ಪರಿಚಯ ಇಲ್ಲದವರು ಫೋನು ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕಿದರೆ ಒಳಗಿನ ಹಾಳೆಗೆ ಸಹಿ ಹಾಕಿ, ಚಿಲ್ಲರೆ ಸಾಮಾನೊಂದನ್ನು ತೆಗೆದುಕೊಂಡು, ತಮ್ಮದೊಂದನ್ನು ಇಟ್ಟು, ಮೊದಲಿನಂತೆಯೇ ಮುಚ್ಚಿಟ್ಟು ಹೋಗುತ್ತಾರೆ. ಮಾಡಲು ಬೇರೆ ಕೆಲಸವಿಲ್ಲವೇ ಎಂದು ನೀನು ಕೇಳುತ್ತೀಯೆಂದೇ ಇಷ್ಟು ವರ್ಷ ಹೇಳಲಿಲ್ಲ.

ಆ ಡಬ್ಬಿಯನ್ನು ಬಚ್ಚಿಟ್ಟವರು ನಾನು ಮತ್ತು ನನ್ನ ಮಗಳು, ನಮ್ಮ ಮೊಂಡಿ. ಆಗ ಅವಳಿಗೆ ಹತ್ತು ವರ್ಷ. ದೊಡ್ಡವಳಾದ ಮೇಲೆ ನನ್ನ ಪಕ್ಕದ ಮಷೀನಿನಲ್ಲಿ ಕೂತು ಯೂನಿಫಾರ್ಮ್ ಹೊಲಿಯಲಿ ಅಂತ ನಾನು, ಸತ್ತರೂ ಕೂರಲ್ಲ ಅಂತ ಅವಳು. ಮಾತಿಗೆ ಮಾತು ಬೆಳೆದು, "ಹೋಗೋದಾದ್ರೆ ಹೋಗು, ಮತ್ತೆ ಮುಖ ತೋರಿಸ್ಬೇಡ" ಅಂದೆ. ಹೋದಳು. ಹೆತ್ತವಳ ಮಾತನ್ನು ಜೀವನದಲ್ಲಿ ಅವಳು ಕೇಳಿದ್ದು ಅದೊಂದನ್ನೇ. ಫೋನ್ ನಂಬರೂ ಬದಲಾಯಿತು. ಇಷ್ಟು ನಿನಗೆ ಗೊತ್ತು.

ಗೊತ್ತಿಲ್ಲದ್ದು ಇದು. ಮರುವರ್ಷ ಡಬ್ಬಿ ನೆಟ್ಟಗಿದೆಯೇ ಎಂದು ನೋಡಲು ಹೋದೆ. ತಳದಲ್ಲಿ ಒಂದು ರಟ್ಟಿದೆ, ಅದರ ಕೆಳಗಿನ ಜಾಗ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅಲ್ಲಿ ಲಂಗರಿನ ಗುರುತಿದ್ದ ಹಿತ್ತಾಳೆಯ ಗುಂಡಿಯೊಂದಿತ್ತು, ಹಡಗಿನವರ ಕೋಟಿನದು. ಗುಂಡಿಯ ಕಾಲಿಗೆ, ಅಂದರೆ ಗುಂಡಿಗೂ ಬಟ್ಟೆಗೂ ನಡುವೆ ಬಿಡುವ ಗಿಡ್ಡ ಕುತ್ತಿಗೆಗೆ, ದಾರ ಸುತ್ತಿದ್ದು ನಾನು ಕಲಿಸಿದ ರೀತಿಯಲ್ಲೇ. ಅದನ್ನು ತೆಗೆದುಕೊಂಡು ಅಂಗಡಿಯ ಗುಂಡಿಯೊಂದಕ್ಕೆ ಹಾಗೆಯೇ ದಾರ ಸುತ್ತಿ ಇಟ್ಟು ಬಂದೆ. ಅವತ್ತಿನಿಂದ ಇದೇ ನಮ್ಮ ಮಾತುಕತೆ. ನೀರು ಇಳಿದ ಕೂಡಲೇ ನಾನು ಹೋಗುತ್ತೇನೆ. ಹಿಂದಿನ ವರ್ಷ ಅವಳು ಇಟ್ಟದ್ದನ್ನು ತೆಗೆದುಕೊಂಡು ನನ್ನದನ್ನು ಇಡುತ್ತೇನೆ. ಆಮೇಲೆ ಯಾವಾಗಲೋ ಅವಳು ಬರುತ್ತಾಳೆ. ಗುಂಡಿ ನೋಡಿದರೆ ಯಾವ ಕೆಲಸದಲ್ಲಿದ್ದಾಳೆಂದು ನನಗೆ ತಿಳಿಯುತ್ತದೆ. ಹಡಗು ಆಯಿತು, ದೊಡ್ಡ ಹೋಟೆಲಿನ ಅಡುಗೆಮನೆ ಆಯಿತು, ಆಸ್ಪತ್ರೆ ಆಯಿತು. ಎಲ್ಲೂ ನಿಲ್ಲುವವಳಲ್ಲ.

ಈ ಸಲ ನಾನು ಹೋಗಲಾರೆ, ನೀನು ಹೋಗಬೇಕು. ರಟ್ಟಿನ ಕೆಳಗಿರುವ ಅವಳ ಗುಂಡಿಯನ್ನು ನನಗೆ ಕಳಿಸು. ಇದರ ಜೊತೆ ಕಳಿಸಿರುವ ನೀಲಿ ಗುಂಡಿಯನ್ನು ಅಲ್ಲಿಡು. ಅದಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯ ಮೇಲೆ ಈ ಆಸ್ಪತ್ರೆಯ ಹೆಸರು, ವಾರ್ಡು, ಮಂಚದ ನಂಬರು ಎಲ್ಲವನ್ನೂ ದಾರದಲ್ಲಿ ಹೊಲಿದಿದ್ದೇನೆ. ಒಂದು ಸಲ ಅವಳ ಮುಖ ನೋಡಬೇಕು. ಅಷ್ಟು ಬಿಟ್ಟರೆ ನನಗೆ ಬೇರೇನೂ ಬೇಡ.

ಜಾಗದ ಅಂಕಿಯನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಸಿಗದಿದ್ದರೆ ತಕ್ಷಣ ಬರೆ. ಕಮರಿಯೊಳಗೆ ಒಂದು ಸಣ್ಣ ತೊಡಕಿದೆ. ಕೇಳುವ ಮೊದಲೇ ಸುಳಿವು ಕೊಡುವುದು ಡಬ್ಬಿ ಇಟ್ಟವರ ಪದ್ಧತಿಯಲ್ಲ, ಆದ್ದರಿಂದ ಈಗ ಹೇಳುವುದಿಲ್ಲ.

ಅಕ್ಕ


ಫೆಬ್ರವರಿ ೨೪

ಅಕ್ಕಾ,

ಕೆಲಸ ಆಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮಧ್ಯದ್ದನ್ನೆಲ್ಲ ಹಾರಿಸಿ ಕೊನೆಗೇ ಹೋಗುತ್ತೀಯ.

ಡ್ರೈವಿಂಗ್ ಕಲಿಸುವವನಿಗೆ ಗುಂಡಿ ಎಂದರೆ ರಸ್ತೆಯಲ್ಲಿರುವುದೇ ನೆನಪು. ಅಂಗಿಯ ಗುಂಡಿಗಾಗಿ ಹೊಳೆಯ ದಾರಿ ಹಿಡಿಯುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಹೊರಟೆ. ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ಕಮರಿಯೊಳಗೆ ಕಾಲಿಟ್ಟವನಲ್ಲ ನಾನು. ಕಾರು ಹೋಗದ ಜಾಗಕ್ಕೆ ನನ್ನ ಕಾಲೂ ಹೋಗುವುದಿಲ್ಲ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆದರೆ ಚೆನ್ನಾಗಿದೆ ಅಕ್ಕಾ. ನೀರು ಹಸಿರಾಗಿ, ತಳದ ಕಲ್ಲೆಲ್ಲ ಕಾಣುವಂತಿತ್ತು. ಗೋಡೆಗಳ ಮೇಲೆ ಎಲ್ಲೋ ಬಿಸಿಲು, ಕೆಳಗೆ ನಮ್ಮ ಪಾಲಿಗೆ ಬರೀ ನೆರಳು. ಹಿಡಿದುಕೊಳ್ಳಲು ಕಂಬಿ ಕಟ್ಟಿರುವ ಕಡೆ ದಾರಿ ಎರಡು ಹೆಜ್ಜೆಯಷ್ಟೂ ಅಗಲವಿಲ್ಲ. ವಾಪಸು ಬರುವಾಗ ಗಾಳಿ ಎದ್ದು, ಕೋಟು ಸರಿಯಾಗಿ ಮುಚ್ಚಿಕೊಳ್ಳಲಾಗದೆ ನಡುಗಿಬಿಟ್ಟೆ.

ಡಬ್ಬಿ ಹುಡುಕಲು ಹೆಚ್ಚು ತಿಣುಕಾಡಬೇಕಾಗಲಿಲ್ಲ. ನಿನ್ನ ನೀಲಿ ಗುಂಡಿ ಇಟ್ಟಿದ್ದೇನೆ. ಮೊಂಡಿಯ ಗುಂಡಿ ಇದರ ಜೊತೆಗಿದೆ. ಬೂದು ಬಣ್ಣದ್ದು, ನೋಡಲು ಅಂಥದ್ದೇನಿಲ್ಲ.

ಚೆನ್ನಾಗಿ ಊಟ ಮಾಡು. ನಾನು ಬಂದು ನೋಡಬೇಕು, ಆದರೆ ಪರೀಕ್ಷೆಗೆ ಹೋಗುವವರು ಸಾಲುಗಟ್ಟಿದ್ದಾರೆ, ಒಬ್ಬರಿಗೂ ರಿವರ್ಸ್ ಬರುವುದಿಲ್ಲ. ಮುಂದಿನ ತಿಂಗಳು ಬರುತ್ತೇನೆ.

ನಿನ್ನ ತಮ್ಮ


ಮಾರ್ಚ್ ೨

ತಮ್ಮಾ,

ಒಂದೇ ಸಲಕ್ಕೆ ಸಿಕ್ಕಿತೇ? ನಿನ್ನ ಮೇಲೆ ನನಗೆ ಇಷ್ಟು ನಂಬಿಕೆ ಇರಲಿಲ್ಲ, ಕ್ಷಮಿಸು. ಕಮರಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಬರಿಗೈಯಲ್ಲಿ ಹೋಗುತ್ತಾರೆ. ಹಾಗಾದರೆ ಆ ತೊಡಕಿನ ಮಾತು ಹೇಳಬೇಕಾಗಿಲ್ಲ.

ನೋಡಲು ಅಂಥದ್ದೇನಿಲ್ಲ ಎಂದೆಯಲ್ಲ, ದಡ್ಡ. ಅರ್ಧ ದಿನ ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಇದ್ದೆ. ನಾಲ್ಕು ತೂತಿನದು, ಕಂಪನಿಯವರು ಸಗಟಿಗೆ ತರಿಸುವ ಮಾಲು. ಒಂದು ಅಂಚು ಸವೆದು ನುಣ್ಣಗಾಗಿದೆ. ಹಾಗೆ ಸವೆಯುವುದು ಸೀಟ್‌ಬೆಲ್ಟು ದಿನವಿಡೀ ಉಜ್ಜಿದಾಗ ಮಾತ್ರ. ಮೊಂಡಿ ಗಾಡಿ ಓಡಿಸುತ್ತಿದ್ದಾಳೆ! ಬಸ್ಸೋ ಲಾರಿಯೋ ಗೊತ್ತಿಲ್ಲ. ಮಷೀನಿನ ಪೆಡಲ್ ತುಳಿಯಲ್ಲ ಅಂದವಳು ಈಗ ಎಂಥ ಪೆಡಲ್ ತುಳಿಯುತ್ತಿದ್ದಾಳೆ ನೋಡು. ಸೋದರಮಾವನ ಕಸುಬೇ ಹಿಡಿದಳು. ನರ್ಸಿಗೆ ತೋರಿಸಿದೆ, ಪಕ್ಕದ ಮಂಚದವಳಿಗೂ ತೋರಿಸಿದೆ. ಆಕೆಗೆ ಕಣ್ಣು ಕಾಣುವುದಿಲ್ಲ, ಆದರೂ ಮುಟ್ಟಿ ನೋಡಿದಳು.

ದಾರ ಮಾತ್ರ ನಮ್ಮ ರೀತಿ ಸುತ್ತಿಲ್ಲ. ಅವಸರದಲ್ಲಿದ್ದಳೇನೋ. ಗಾಡಿ ನಿಲ್ಲಿಸಿ ಬಂದವಳಿಗೆ ಎಷ್ಟು ಹೊತ್ತು ಸಿಗುತ್ತದೆ?

ಡಾಕ್ಟರು ಹೊಸ ಔಷಧಿ ಶುರುಮಾಡಿದ್ದಾರೆ. ಕುಡಿಯುತ್ತೇನೆ. ಹಳೆಯದನ್ನು ಇಷ್ಟು ದಿನ ಚೆಲ್ಲುತ್ತಿದ್ದೆ.

ಅಕ್ಕ


ಮಾರ್ಚ್ ೨೮

ಅಕ್ಕಾ,

ಸುದ್ದಿ ಇದೆ. ನಿನ್ನೆ ಮತ್ತೆ ಹೋಗಿದ್ದೆ. ಡಬ್ಬಿಯಲ್ಲಿ ನಿನ್ನ ನೀಲಿ ಗುಂಡಿ ಇಲ್ಲ, ಪಟ್ಟಿಯೂ ಇಲ್ಲ. ತೆಗೆದುಕೊಂಡು ಹೋಗಿದ್ದಾಳೆ. ಬದಲಿಗೆ ಗುಂಡಿ ಇಟ್ಟಿಲ್ಲ, ಒಂದು ಪ್ಲಾಸ್ಟಿಕ್ ಕಪ್ಪೆ ಇತ್ತು. ನನಗನ್ನಿಸುತ್ತದೆ, ತಾನೇ ಬರುವಾಗ ಇನ್ನು ಗುಂಡಿ ಯಾಕೆ ಎಂದುಕೊಂಡಿದ್ದಾಳೆ. ಇವತ್ತೋ ನಾಳೆಯೋ ನಿನ್ನ ಎದುರು ನಿಲ್ಲುತ್ತಾಳೆ. ಬಂದರೆ ಬೈಯಬೇಡ. ದನಿಯಿಲ್ಲದೆಯೂ ಬೈಯಬಲ್ಲವಳು ನೀನು.

ತಮ್ಮ


ಏಪ್ರಿಲ್ ೫

ತಮ್ಮಾ,

ನರ್ಸಿಗೆ ಹೇಳಿ ಮಂಚವನ್ನು ಬಾಗಿಲು ಕಾಣುವ ಕಡೆ ತಿರುಗಿಸಿಕೊಂಡಿದ್ದೇನೆ. ಬಂದವರು ಕೂರಲು ಒಂದು ಕುರ್ಚಿ ಬೇಕೆಂದು ಚೀಟಿ ಬರೆದೆ, ತಂದಿಟ್ಟರು. ಕತ್ತಿನ ಪಟ್ಟಿ ನೋಡಿ ಹೆದರುತ್ತಾಳೆಂದು ಮೇಲೆ ಒಂದು ಕರವಸ್ತ್ರ ಕಟ್ಟಿಕೊಂಡಿದ್ದೇನೆ. ಅವಳಿಗೆ ಏನು ಹೇಳಬೇಕೆಂದು ಮೊದಲೇ ಬರೆದಿಟ್ಟಿದ್ದೆ, ಆಮೇಲೆ ಹರಿದುಹಾಕಿದೆ. ಬರಲಿ, ಬಂದಾಗ ನೋಡೋಣ.

ಅಕ್ಕ


ಮೇ ೪

ತಮ್ಮಾ,

ನೀನು ಮಧ್ಯೆ ಬರೆದ ಎರಡು ಕಾಗದ ತಲುಪಿದವು. ರಜೆ ಸಿಕ್ಕಿರಲಿಕ್ಕಿಲ್ಲ, ದಾರಿ ದೂರವಿರಬಹುದು ಎಂದೆಲ್ಲ ಬರೆದಿದ್ದೀಯ. ಸಾಕು ಬಿಡು. ಗಾಡಿ ಓಡಿಸುವವಳಿಗೆ ಯಾವ ದಾರಿ ದೂರ?

ಅವಳು ಬರುವುದಿಲ್ಲ. ನನ್ನ ಮಂಚದ ನಂಬರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ, ಬರುವುದಿಲ್ಲ. ಇಷ್ಟು ವರ್ಷ ಗುಂಡಿ ಇಟ್ಟದ್ದು ನನ್ನ ಮೇಲಿನ ಆಸೆಗಲ್ಲ, ನೀನಿಲ್ಲದೆಯೂ ಬದುಕಿದ್ದೇನೆ ನೋಡು ಎಂದು ತೋರಿಸಲಿಕ್ಕೆ. ಎಂಥ ಕಲ್ಲೆದೆಯವಳನ್ನು ಹೆತ್ತೆ ನಾನು! ದಿನವೂ ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಹಿಡಿಶಾಪ ಹಾಕುತ್ತೇನೆ. ದನಿ ಇಲ್ಲದಿರುವುದೇ ವಾಸಿ, ವಾರ್ಡಿನವರ ನಿದ್ದೆ ಕೆಡುವುದಿಲ್ಲ. ಕುರ್ಚಿಯನ್ನು ಪಕ್ಕದ ಮಂಚದವಳಿಗೆ ಕೊಟ್ಟೆ. ಅವಳಿಗೆ ಜನ ಬರುತ್ತಾರೆ.

ಆದರೂ ನೆನಪು ಬಿಡುವುದಿಲ್ಲ. ಡಬ್ಬಿ ಇಡಲು ಹೋದ ದಿನ ಸೇತುವೆ ದಾಟಲು ನನಗೆ ಹೆದರಿಕೆ. ತೂಗುಸೇತುವೆ ನೀನೂ ನೋಡಿದ್ದೀಯಲ್ಲ, ಕಾಲಿಟ್ಟರೆ ಮೈಯೆಲ್ಲ ತೂಗುತ್ತದೆ. ಅವಳು ಆಚೆ ದಡಕ್ಕೆ ಓಡಿ ಹೋಗಿ, "ಅಮ್ಮಾ, ಕೆಳಗೆ ನೋಡ್ಬೇಡ, ನನ್ನೇ ನೋಡು" ಎಂದು ಕೈಚಾಚಿ ನಿಂತಳು. ಹತ್ತು ವರ್ಷದ್ದು, ನನಗೆ ಧೈರ್ಯ ಹೇಳುತ್ತಿದೆ! ಆಚೆ ಹೋದ ಮೇಲೆ ಫೋನು ನೋಡಿದರೆ ನಾವು ಇನ್ನೂ ಈಚೆ ದಡದಲ್ಲೇ ಇದ್ದೇವೆಂದು ತೋರಿಸುತ್ತಿತ್ತು. ನಿನಗೆ ಹೇಳದೆ ಬಿಟ್ಟ ತೊಡಕು ಇದೇ. ಎರಡು ಕಡೆಯೂ ಎತ್ತರದ ಬಂಡೆ, ಆಕಾಶ ಕಾಣುವುದು ಒಂದು ಪಟ್ಟಿಯಷ್ಟು. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಫೋನಿನಲ್ಲಿ ನಮ್ಮನ್ನು ತೋರಿಸುವ ಚುಕ್ಕಿ ನದಿ ದಾಟಿ ಹಾರುತ್ತದೆ. ಎಷ್ಟೋ ಸಲ ಹೋಗಿ ನಿಂತು, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಿಯಾದ ಅಂಕಿ ಹಿಡಿದೆವು. ಆದರೂ ಹೊಸದಾಗಿ ಬಂದವರ ಫೋನು ಈಚೆ ದಡದಲ್ಲೇ ಡಬ್ಬಿಯ ಜಾಗ ಬಂತು ಎನ್ನುತ್ತದೆ. ಅವರು ಅಲ್ಲೇ ಹುಡುಕಿ ಹುಡುಕಿ ಸುಸ್ತಾಗುತ್ತಾರೆ. ಅವಳಿಗೆ ಅದೇ ತಮಾಷೆ. ಆಚೆ ದಡದ ಬಿಳಿ ಗೆರೆಯ ಬಂಡೆಯ ಹಿಂದೆ ಡಬ್ಬಿ ಇಟ್ಟು, ನಕ್ಕು ನಕ್ಕು ಅಲ್ಲೇ ಉರುಳಿದಳು.

ಇಂಥ ಜಾಗವನ್ನು ನೀನು ಒಂದೇ ಸಲಕ್ಕೆ ಹಿಡಿದೆಯಲ್ಲ, ಅವಳಿಗೆ ಹೇಳಿದ್ದರೆ ಮಾವನ ಬೆನ್ನು ತಟ್ಟುತ್ತಿದ್ದಳು.

ಊಟ ಈಗ ನಳಿಗೆಯಲ್ಲಿ ಹಾಕುತ್ತಾರೆ. ರುಚಿಯ ಗೊಡವೆಯಿಲ್ಲ.

ಅಕ್ಕ


ಮೇ ೧೬

ಅಕ್ಕಾ,

ನೀನು ತಪ್ಪು ತಿಳಿದಿದ್ದೀಯ. ಅವಳು ಕಲ್ಲೆದೆಯವಳಲ್ಲ. ಇದರ ಜೊತೆಗಿರುವ ಪೊಟ್ಟಣ ಬಿಚ್ಚು, ಆಮೇಲೆ ಮುಂದೆ ಓದು.

ನಿನ್ನ ಕಾಗದ ಬಂದ ದಿನವೇ ಪಾಠ ಬಿಟ್ಟು ಕಮರಿಗೆ ಹೋದೆ. ಈ ಸಲ ನಿಧಾನವಾಗಿ, ಫೋನು ಜೇಬಿನಲ್ಲಿಟ್ಟು, ಸೇತುವೆ ದಾಟಿ ಹೋದೆ. ಬಿಳಿ ಗೆರೆಯ ಬಂಡೆಯ ಹಿಂದಿನಿಂದ ಡಬ್ಬಿ ತೆಗೆದು, ರಟ್ಟು ಎತ್ತಿ ನೋಡಿದರೆ ಇದು! ಒಂದಲ್ಲ ಎರಡಲ್ಲ, ಏಳು ಗುಂಡಿ ಪೋಣಿಸಿದ ಸರ. ಎಲ್ಲಕ್ಕೂ ನೀನು ಹೇಳಿದ ಹಾಗೆಯೇ ದಾರ ಸುತ್ತಿದ್ದಾಳೆ. ನೋಡುತ್ತಲೇ ಅವಳ ಕೈಯ ಕೆಲಸ ಎಂದು ಗೊತ್ತಾಯಿತು. ಒಂದೊಂದು ವರ್ಷಕ್ಕೆ ಒಂದೊಂದೇ ಇಡುತ್ತಿದ್ದವಳು ಈ ಸಲ ಒಟ್ಟಿಗೇ ಇಷ್ಟನ್ನು ಇಟ್ಟಿದ್ದಾಳೆಂದರೆ ಅವಳ ಮನಸ್ಸಿನಲ್ಲಿ ಎಷ್ಟಿರಬೇಕು ಯೋಚಿಸು. ಬರುತ್ತಾಳೆ ಅಕ್ಕಾ. ಕುರ್ಚಿ ವಾಪಸು ಕೇಳಿ ತೆಗೆದುಕೋ.

ಬಂಡೆಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಸಂತೋಷಕ್ಕೆ. ದಾರಿಯಲ್ಲಿ ಹೋಗುತ್ತಿದ್ದವರು ಕಾಲು ಉಳುಕಿತೇ ಎಂದು ಕೇಳಿದರು.

ತಮ್ಮ


ಮೇ ೨೫

ತಮ್ಮಾ,

ಪೊಟ್ಟಣ ಬಿಚ್ಚಿದೆ.

ಇವು ಅವಳ ಗುಂಡಿಗಳಲ್ಲ, ನನ್ನವು. ಒಂದೊಂದನ್ನೂ ನಾನೇ ಆರಿಸಿ, ನಾನೇ ದಾರ ಸುತ್ತಿ, ಆ ರಟ್ಟಿನ ಕೆಳಗೆ ಇಟ್ಟು ಬಂದವು. ಕಪ್ಪು ಮರದ್ದು ಮೊದಲ ವರ್ಷದ್ದು. ಚಿಪ್ಪಿನದು ಅವಳು ಅಡುಗೆಮನೆಯಲ್ಲಿದ್ದ ವರ್ಷದ್ದು, ಬೆಂಕಿಯ ಹತ್ತಿರ ಇರುವವಳಿಗೆ ತಣ್ಣಗಿರಲಿ ಎಂದು. ಕೆಂಪನೆಯದು ಅವಳ ಹಳೆಯ ಫ್ರಾಕಿನದು, ಅದನ್ನು ಕತ್ತರಿಸಲು ನನಗೆ ಒಂದು ವಾರ ಹಿಡಿದಿತ್ತು. ಎಲ್ಲವನ್ನೂ ಕಳೆಯದೆ ಇಟ್ಟುಕೊಂಡಿದ್ದಳು. ಈಗ ಎಲ್ಲವನ್ನೂ ಹಿಂದಿರುಗಿಸಿದ್ದಾಳೆ. ಸರದ ತುದಿಗೆ ಹಾಕಿದ ಗಂಟು ನೋಡಿದೆಯಾ? ಬಟ್ಟೆ ಪೂರ್ತಿ ಹೊಲಿದಾದ ಮೇಲೆ, ಇನ್ನು ಸೂಜಿ ಆಡಿಸುವುದಿಲ್ಲ ಎಂದಾದಾಗ ಹಾಕುವ ಗಂಟು ಅದು. ಅದನ್ನೂ ನಾನೇ ಕಲಿಸಿದ್ದೆ.

ಅವಳು ಬಂದು ರಟ್ಟು ಎತ್ತಿದಾಗ ತಾನು ಹಿಂದಿನ ವರ್ಷ ಇಟ್ಟ ಗುಂಡಿ ಅಲ್ಲೇ ಬಿದ್ದಿತ್ತು. ಅಮ್ಮ ಅದನ್ನು ತೆಗೆದುಕೊಂಡಿಲ್ಲ, ತನ್ನದನ್ನು ಇಟ್ಟಿಲ್ಲ. ಅಮ್ಮನಿಗೆ ಸಾಕಾಗಿದೆ ಎಂದುಕೊಂಡಳು. ತನ್ನದನ್ನು ತಾನು ತೆಗೆದುಕೊಂಡು, ನನ್ನವನ್ನು ಇಟ್ಟು ಹೋದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನನ್ನ ಮಗಳಲ್ಲವೇ.

ಮೊದಲೆರಡು ಸಲ ನೀನು ಸೇತುವೆ ದಾಟಿರಲಿಲ್ಲ. ಈಚೆ ದಡದಲ್ಲಿ ಬೇರೆ ಡಬ್ಬಿ ಇಟ್ಟೆ. ನಮ್ಮ ಆಟದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಸುಳ್ಳು ಡಬ್ಬಿ ಸಿಕ್ಕವರು ನಿಜವಾದದ್ದನ್ನು ಹುಡುಕುವುದಿಲ್ಲ. ನಾನೂ ಹುಡುಕಲಿಲ್ಲ. ಆ ಬೂದು ಗುಂಡಿಯ ಯಾವ ಕಡೆ ಸವೆದಿದೆ ಎಂದು ಆಗಲೇ ಸರಿಯಾಗಿ ನೋಡಬೇಕಿತ್ತು. ಅದು ಗಾಡಿ ಓಡಿಸುವವರ ಕಡೆಯದಲ್ಲ, ಬೆಲ್ಟು ಎಡ ಹೆಗಲಿನಿಂದ ಇಳಿಯುವ ಪಕ್ಕದ ಸೀಟಿನಲ್ಲಿ ಕೂತು ಕಲಿಸುವವನದು. ದಾರವೂ ನಮ್ಮದಲ್ಲ ಎಂದು ಕಣ್ಣು ಹೇಳಿತ್ತು, ಮನಸ್ಸು ಕೇಳಲಿಲ್ಲ.

ನಿನ್ನನ್ನು ಬೈಯೋಣವೆಂದು ಪೆನ್ನು ಹಿಡಿದೆ. ಶಾಪವನ್ನೆಲ್ಲ ಆ ಹುಡುಗಿಗೇ ಹಾಕಿ ಮುಗಿಸಿದ್ದೇನೆ, ನಿನಗೆ ಉಳಿದಿಲ್ಲ. ನನಗೆ ನೋವಾಗುತ್ತದೆ ಎಂದು ಸುಳ್ಳು ಹೇಳಿದೆ. ಸಿಗಲಿಲ್ಲ ಎಂದು ಒಂದು ಸಾಲು ಬರೆದಿದ್ದರೆ ನಾನು ಒಂದು ಸಾಲು ಬರೆಯುತ್ತಿದ್ದೆ. ನಾನಾದರೂ ಆಟದ ಪದ್ಧತಿ ಎಂದು ಸುಳಿವನ್ನು ಬಾಯಲ್ಲೇ ಇಟ್ಟುಕೊಂಡೆ. ಸಾಯುವವಳಿಗೆ ಎಂಥ ಪದ್ಧತಿ!

ಇನ್ನೊಂದು ಪಟ್ಟಿ ಹೊಲಿದಿದ್ದೇನೆ. ವಾರ್ಡಿನ ನಂಬರು ಸರಿಯಾಗಿ ಬಂದಿಲ್ಲ, ಓದಬಹುದು. ಸೇತುವೆ ದಾಟಿ, ರಟ್ಟಿನ ಕೆಳಗೆ ಇಡು. ಅವಳು ಮತ್ತೆ ಬರುವುದಿಲ್ಲ. ಗೊತ್ತಿದೆ. ಆದರೂ ಇಡು.

ನಿನ್ನ ಬೂದು ಗುಂಡಿ ವಾಪಸು ಕಳಿಸಿದ್ದೇನೆ. ನಾನೇ ಹೊಲಿದು ಕೊಡುತ್ತಿದ್ದೆ, ಕೋಟು ಅಲ್ಲಿದೆ. ನೀನೇ ಹೊಲಿದುಕೋ. ಕಾಲು ಬಿಟ್ಟು ದಾರ ಸುತ್ತು.

ಅಕ್ಕ


ಜೂನ್ ೮

ಅಕ್ಕಾ,

ಎಲ್ಲ ನೀನು ಬರೆದ ಹಾಗೆಯೇ. ಫೋನಿನ ಚುಕ್ಕಿ ಸೇತುವೆಗೆ ಮೊದಲೇ ನಿಂತಿತು. ಅಲ್ಲಿ ಕಲ್ಲೆಲ್ಲ ಎತ್ತಿ ನೋಡಿದೆ. ಪ್ರವಾಹಕ್ಕೆ ಕೊಚ್ಚಿಹೋಗಿದೆ ಎಂದುಕೊಂಡೆ. ಫೋನು ನೋಡಬೇಡಿ, ರಸ್ತೆ ನೋಡಿ ಎಂದು ಕಲಿಯುವವರಿಗೆ ದಿನವಿಡೀ ಬೊಬ್ಬೆ ಹೊಡೆಯುವವನು ನಾನು. ಇಲ್ಲ ಎಂದು ಬರೆದರೆ ನೀನು ಔಷಧಿಯನ್ನೂ ಬಿಟ್ಟುಬಿಡುತ್ತೀಯೆಂದು ಹೆದರಿ, ಪೇಟೆಗೆ ಹೋಗಿ ಡಬ್ಬಿ ತಂದು ಇಟ್ಟೆ. ಅವಳ ಕಣ್ಣಿಗೆ ತಕ್ಷಣ ಬೀಳಲಿ ಎಂದು ನಿನ್ನ ನೀಲಿ ಗುಂಡಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೆ. ಯಾರೋ ದಾರಿಹೋಕರು ಕಪ್ಪೆ ಇಟ್ಟು ಅದನ್ನು ಒಯ್ದರು. ಅವಳೇ ಎಂದು ನಿನಗೆ ಬರೆಯುವಾಗ ನಾನೂ ನಂಬಿಬಿಟ್ಟಿದ್ದೆ.

ಸರ ಸಿಕ್ಕ ದಿನವೂ ನಿಜ ಬರೆಯಬೇಕಿತ್ತು. ಎಲ್ಲ ಸರಿಹೋಯಿತು, ಇನ್ನು ಹೇಳಬೇಕಾಗಿಲ್ಲ ಎಂದುಕೊಂಡೆ. ಆ ಸರವನ್ನು ನನ್ನ ಕೈಯಾರೆ ಪೊಟ್ಟಣ ಕಟ್ಟಿ ಅಂಚೆಗೆ ಹಾಕಿದೆನಲ್ಲ ಅಕ್ಕಾ, ಅದಕ್ಕೆ ಏನು ಮಾಡಲಿ?

ನಿನ್ನ ಕಾಗದ ತಲುಪುವಷ್ಟರಲ್ಲಿ ಮಳೆ ಹಿಡಿದಿತ್ತು. ಕಮರಿಯ ಗೇಟಿಗೆ ಬೀಗ ಹಾಕಿದ್ದಾರೆ. ಕಾವಲುಗಾರನಿಗೆ ಕೈಮುಗಿದೆ. ಅವನು ಸೇತುವೆ ಕಾಣುವ ತನಕ ಜೊತೆಗೆ ಬಂದು, "ನೀವೇ ನೋಡಿ ಸಾರ್" ಅಂದ. ಸೇತುವೆಯ ಹಲಗೆಗಳ ಮೇಲೆ ನೀರು ಹರಿಯುತ್ತಿತ್ತು, ಇಷ್ಟು ಎತ್ತರಕ್ಕೆ ಹಿಂದೆ ಯಾವ ಮಳೆಗಾಲದಲ್ಲೂ ಬಂದದ್ದಿಲ್ಲವಂತೆ. ಆಚೆ ದಡದ ಬಿಳಿ ಗೆರೆಯ ಬಂಡೆಯ ತಲೆ ಮಾತ್ರ ಕಾಣುತ್ತಿತ್ತು. ಡಬ್ಬಿ ಇನ್ನು ಇರಲಾರದು. ನಾನು ಇಟ್ಟದ್ದು ಎತ್ತರದ ಸಂದಿನಲ್ಲಿತ್ತು, ಅದು ಇದೆ. ಅದನ್ನು ತೆಗೆದು ತಂದೆ.

ಪಟ್ಟಿ ನನ್ನ ಹತ್ತಿರವೇ ಇದೆ. ವಾರ್ಡಿನ ನಂಬರು ಚೆನ್ನಾಗಿಯೇ ಓದಲು ಬರುತ್ತದೆ. ನಾಡಿದ್ದು ಹೊರಟು ಬರುತ್ತಿದ್ದೇನೆ, ಪರೀಕ್ಷೆಯವರು ಹಾಳಾಗಿ ಹೋಗಲಿ. ಹೋದ ವಾರ ಆಸ್ಪತ್ರೆಗೆ ಫೋನು ಮಾಡಿದಾಗ ನರ್ಸ್ ನಿನ್ನ ಮಂಚದ ನಂಬರು ಎರಡು ಸಲ ಕೇಳಿ, ಆಮೇಲೆ ಮಾಡಿ ಅಂದಳು. ಆಮೇಲೆ ಮಾಡಲು ನನಗೆ ಧೈರ್ಯವಾಗಲಿಲ್ಲ.

ಗುಂಡಿ ಹೊಲಿದುಕೊಂಡಿದ್ದೇನೆ. ಕಾಲು ಬಿಟ್ಟು ದಾರ ಸುತ್ತಲು ಎಷ್ಟು ಸಲ ನೋಡಿದರೂ ಸರಿಬರುತ್ತಿಲ್ಲ, ಸಡಿಲವಾಗಿ ತೂಗುತ್ತಿದೆ. ಹೇಗೆಂದು ಹೇಳು. ಬೈದಾದರೂ ಒಂದು ಸಾಲು ಬರೆ.

ನಿನ್ನ ತಮ್ಮ